ಪೊದೆಯಾಚೆಯ ಕೆಂಪು ಮಫ್ಲರ್

ಇದು ಹೋದ ವರ್ಷ ಮೇ ತಿಂಗಳ ಒಂದು ಶನಿವಾರ ನಡೆದದ್ದು.

ನಾನು ತಿಪಟೂರಿನವನು. ಅಮೆರಿಕದ ಡೆಟ್ರಾಯ್ಟ್ ಪಕ್ಕದ ಸಬರ್ಬ್ ಒಂದರಲ್ಲಿ ಟೈರ್ ಅಂಗಡಿ ಇಟ್ಟು ಹದಿನಾಲ್ಕು ವರ್ಷವಾಯಿತು. ಗಿರಾಕಿಯೊಬ್ಬ ನನಗೆ ಟರ್ಕಿ ಕೋಳಿ ಬೇಟೆಯ ಹುಚ್ಚು ಹಿಡಿಸಿಬಿಟ್ಟ. ಕ್ಲಾಸಿಗೆ ಹೋಗಿ, ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ತೆಗೆದುಕೊಂಡೆ. ಆದರೆ ಎರಡು ವರ್ಷವೂ ಬರಿಗೈಲಿ ವಾಪಸ್ಸು. ಆ ದಿನ ಹೊರಡುವಾಗ ಹೆಂಡತಿ ಶಬಾನಾ, "ಹೋದ ಸಲ ನೆಗಡಿ ತಂದ್ರಿ, ಈ ಸಲ ಏನ್ ತರ್ತೀರೋ ನೋಡೋಣ" ಎಂದು ಕಿಚಾಯಿಸಿದಳು. ನನಗೆ ರೋಷ ಬಂತು. ಇವತ್ತು ತಂದೇ ತರುತ್ತೇನೆ ಎಂದು ಕಾರು ಹತ್ತಿದೆ.

ಇಲ್ಲಿ ದೊಡ್ಡ ಜಮೀನುದಾರರಲ್ಲಿ ಕೆಲವರು ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ತಮ್ಮ ಹೊಲ, ಕಾಡನ್ನು ಸಾರ್ವಜನಿಕರ ಬೇಟೆಗೆ ಬಿಟ್ಟುಕೊಡುತ್ತಾರೆ. ಸ್ವಂತ ಜಮೀನಿಲ್ಲದ ನಮ್ಮಂಥವರಿಗೆ ಅದೇ ಗತಿ. ಜಮೀನಿನ ಗೇಟಿನಲ್ಲಿರುವ ಪೆಟ್ಟಿಗೆಯಿಂದ ಚೀಟಿ ತೆಗೆದು, ಹೆಸರು ಬರೆದಿಟ್ಟು ಒಳಗೆ ಹೋಗಬೇಕು. ಒಂದು ಸಲಕ್ಕೆ ಇಷ್ಟೇ ಜನ ಎಂಬ ಮಿತಿಯೂ ಉಂಟು. ನಾನು ಹೋದಾಗ ಬೇರೆ ಯಾರ ಚೀಟಿಯೂ ಇರಲಿಲ್ಲ. ಮುನ್ನೂರು ಎಕರೆಯೂ ಇವತ್ತು ನಂದೇ ಎಂದು ಹಿಗ್ಗಿಹೋದೆ.

ಹೊಲದ ಅಂಚಿನ ಮರಕ್ಕೆ ಒರಗಿ ಕೂತೆ. ಮೈಮೇಲೆ ಎಲೆ ಬಣ್ಣದ ಬಟ್ಟೆ, ಮುಖಕ್ಕೂ ಮುಸುಕು. ಮೂರು ಗಂಟೆ ಕಾದರೂ ಒಂದು ಹಕ್ಕಿಯಿಲ್ಲ. ಸುಮಾರು ಹತ್ತು ಗಂಟೆಗೆ, ಮೂವತ್ತು ಹೆಜ್ಜೆ ಆಚೆ, ಪೊದೆಯ ಹಿಂದೆ ಕೆಂಪಗೆ ಏನೋ ಆಡಿತು. ಬಗ್ಗಿತು, ಎದ್ದಿತು, ಎರಡು ಹೆಜ್ಜೆ ಸರಿದು ಮತ್ತೆ ಬಗ್ಗಿತು. ಕೆಂಪಿನ ಕೆಳಗೆ ಕಂದು ಬಣ್ಣ. ಗಂಡು ಟರ್ಕಿಯ ತಲೆ ಕೆಂಪು, ಮೈ ಕಂದು. ಅದು ಮೇಯುವುದೂ ಹೀಗೇ.

ಹಕ್ಕಿ ಪೂರ್ತಿ ಕಾಣುವ ತನಕ ಟ್ರಿಗರ್ ಮೇಲೆ ಬೆರಳಿಡಬಾರದು ಎಂಬುದು ಕ್ಲಾಸಿನ ಮೊದಲ ಪಾಠ. ನಾನು ಇಟ್ಟೆ. ಬಂದೂಕಿನ ಲಾಕನ್ನೂ ಸರಿಸಿದೆ. ಉಸಿರು ಬಿಗಿಹಿಡಿದೆ.

"ಏ ಸುಮಾ, ಬಾರೇ ಇಲ್ಲಿ! ಸಕ್ಕೋತನ ಸೊಪ್ಪು ಕಣೇ, ಎಷ್ಟೊಂದ್ ಐತೆ ನೋಡು!"

ಕನ್ನಡ! ಆ ಟರ್ಕಿ ಕನ್ನಡದಲ್ಲಿ ಮಾತಾಡಿತ್ತು. ಪೊದೆಯಾಚೆಯಿಂದ ಎದ್ದು ನಿಂತದ್ದು ಕೆಂಪು ಮಫ್ಲರ್ ಸುತ್ತಿಕೊಂಡ, ಕಂದು ಸ್ವೆಟರಿನ ಒಬ್ಬ ಅಜ್ಜಿ.

ಯಾ ಅಲ್ಲಾ! ಟ್ರಿಗರ್ ಮೇಲಿಂದ ಬೆರಳು ಕಿತ್ತುಕೊಂಡೆ. ಬಂದೂಕಿನಿಂದ ಗುಂಡು ತೆಗೆಯುವ ಗಡಿಬಿಡಿಯಲ್ಲಿ ಒಂದು ಗುಂಡು ತರಗೆಲೆಯಲ್ಲಿ ಬಿದ್ದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಮುಸುಕು ಕಿತ್ತೆಸೆದು, "ಅಮ್ಮಾ, ಹೆದರ್ಬೇಡಿ! ಅಲ್ಲೇ ನಿಂತ್ಕೊಳ್ಳಿ!" ಎಂದು ಕೂಗಿದೆ. ಅವರು ಕಿಟಾರನೆ ಕಿರುಚಿ ಸೊಪ್ಪಿನ ಚೀಲ ಕೆಳಗೆ ಬಿಟ್ಟರು. ಮರುಕ್ಷಣವೇ ಮುಖ ಅರಳಿತು. "ಅಯ್ಯೋ ಶಿವನೇ, ನಮ್ಮೋರು ಕಣೇ ಸುಮಾ!"

ಮಗಳು ಸುಮಾ ಓಡಿಬಂದಳು. "ಬೋರ್ಡ್ ಮೇಲೆ ಪಬ್ಲಿಕ್ ಅಂತ ಇತ್ತಲ್ವಾ? ಪಾರ್ಕ್ ಅನ್ಕೊಂಡ್ವಿ. ಅಮ್ಮಂಗೆ ಬೆರಕೆ ಸೊಪ್ಪು ಬೇಕು ಅಂತ ಒಂದೇ ಹಟ."

"ಬೇಟೆಗೆ ಮಾತ್ರ ಅಂತ ಅದರ ಕೆಳಗೇ ಇದೆಯಮ್ಮಾ. ಇದು ಯಾರದೋ ಸ್ವಂತ ಜಮೀನು."

ಅವಳ ಕಣ್ಣು ನನ್ನ ಬಂದೂಕಿನ ಮೇಲೆ ಬಿತ್ತು. ಮುಖ ಬಿಳಿಚಿಕೊಂಡಿತು. "ನೀವು ಅಮ್ಮನ್ನ ಯಾವಾಗ ನೋಡಿದ್ರಿ?"

"ಆಗ್ಲೇ, ದೂರದಿಂದ್ಲೇ ನೋಡ್ದೆ" ಎಂದುಬಿಟ್ಟೆ.

ಬೇರೆ ಬೇಟೆಗಾರರಿಗೆ ಕಾಣಲೆಂದು ನಡೆಯುವಾಗ ಹಾಕಿಕೊಳ್ಳುವ ನನ್ನ ಕಿತ್ತಳೆ ಟೋಪಿಯನ್ನು ಬ್ಯಾಗಿನಿಂದ ತೆಗೆದು ಅಜ್ಜಿಯ ತಲೆಗೆ ಹಾಕಿದೆ. ಮಫ್ಲರನ್ನು ಒಳಗಿಡಿ ಎಂದೆ.

"ಯಾಕಪ್ಪಾ?"

"ಕೆಂಪು ಕಂಡ್ರೆ ಟರ್ಕಿ ಕೋಳಿ ಅಂತ ಹೊಡೆದ್ಬಿಡ್ತಾರೆ ಅಮ್ಮಾ."

ಅವರು ಬಿದ್ದು ಬಿದ್ದು ನಕ್ಕರು. "ಮನುಷ್ಯರಿಗೂ ಕೋಳಿಗೂ ವ್ಯತ್ಯಾಸ ಗೊತ್ತಾಗಲ್ವಾ? ಯಾವನಪ್ಪಾ ಅಂಥ ಕಣ್ಣು ಕಾಣದೋನು?"

ನಾನು ಬಗ್ಗಿ ಅವರ ಸೊಪ್ಪಿನ ಚೀಲ ಎತ್ತಿಕೊಟ್ಟೆ.

ಕಾರಿನ ತನಕ ಅವರ ಮುಂದೆ ನಡೆದೆ. ದಾರಿಯುದ್ದಕ್ಕೂ ಅಜ್ಜಿಯದೇ ಮಾತು. ಊರು ಚನ್ನರಾಯಪಟ್ಟಣವಂತೆ. "ತಿಪಟೂರಾ? ಪಕ್ಕದೋನೇ ಕಣಪ್ಪಾ ನೀನು! ಹೆಸರೇನು? ರಿಯಾಜಾ?" ಮಗಳ ಮನೆಯಲ್ಲಿ ಓದಲು ಏನೂ ಸಿಗುವುದಿಲ್ಲ, ಊರಿಗೆ ಹೋದ ಮೇಲೆ ಪತ್ರಿಕೆಗಳನ್ನೆಲ್ಲಾ ಗುಡ್ಡೆ ಹಾಕಿಕೊಂಡು ಓದುತ್ತೇನೆ, ಅದರಲ್ಲೂ ಓದುಗರು ಬರೆಯುವ ಅನುಭವದ ಪುಟವೇ ಮೊದಲು ಎಂದರು. ಕಾರು ಹತ್ತುವಾಗ ಅರ್ಧ ಸೊಪ್ಪು ನನ್ನ ಚೀಲಕ್ಕೆ ಸುರಿದು, "ಬೇಳೆ ಜೊತೆ ಬೇಯಿಸಿ ಮಸೆಯೋಕೆ ಹೇಳು ಹೆಂಡ್ತಿಗೆ. ನೂರು ವರ್ಷ ಬದುಕು" ಎಂದು ನನ್ನ ತಲೆ ಸವರಿದರು. ಅವರ ಕಾರು ಮರೆಯಾದ ಮೇಲೆ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತೆ.

"ಕೋಳಿ ಹೋಗಿ ಸೊಪ್ಪು ಬಂತಾ!" ಎಂದು ಶಬಾನಾ ನಕ್ಕಳು. ಮಸೊಪ್ಪಿನ ಸಾರು ಮಕ್ಕಳಿಗೆಲ್ಲಾ ಹಿಡಿಸಿತು. ನಾನು ನನ್ನ ಪಾಲನ್ನೂ ಅವರ ತಟ್ಟೆಗೇ ಬಡಿಸಿದೆ. ಬಂದೂಕನ್ನು ಅವತ್ತಿನಿಂದ ಮುಟ್ಟಿಲ್ಲ.

ಅಮ್ಮಾ, ಊರಿಗೆ ಹೋಗಿ ಈ ಪುಟ ಓದುತ್ತಿದ್ದರೆ ಕೇಳಿ. ದೂರದಿಂದ ನೋಡಿದೆ ಎಂದದ್ದು ಸುಳ್ಳು. ಆ ಸೊಪ್ಪು ಕಂಡು ನೀವು ಮಗಳನ್ನು ಕೂಗದೇ ಇದ್ದಿದ್ದರೆ ನಾನು ಗುಂಡು ಹೊಡೆದೇಬಿಡುತ್ತಿದ್ದೆ. ನೀವು ಕೇಳಿದ ಆ ಕಣ್ಣು ಕಾಣದವನು ನಾನೇ.