ಸೂಲಗಿತ್ತಿ ಅಜ್ಜಿಯ ಮೇಲೆ ಹೊರಿಸಿದ್ದು

ಮೊನ್ನೆ ತಮ್ಮನ ಮೊಮ್ಮಗಳ ಹೆರಿಗೆಗೆಂದು ಆಸ್ಪತ್ರೆಗೆ ಹೋಗಿದ್ದೆ. ವರಾಂಡದಲ್ಲಿ ಪಕ್ಕದ ಹೆಂಗಸೊಬ್ಬಳು ಮಗಳ ಕಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದಳು. ಆ ವಾಸನೆಗೆ ಕೂತಲ್ಲಿ ಕೂರಲಾಗಲಿಲ್ಲ. ನಮ್ಮ ಕೇರಿಯ ಸೂಲಗಿತ್ತಿ ಅಜ್ಜಿಯ ಕೈಗೆ ಸದಾ ಅದೇ ವಾಸನೆ...

ಐವತ್ತರ ದಶಕದ ಕೊನೆಯ ಮಾತು. ಶಿಕಾರಿಪುರದಲ್ಲಿ ನಾನು ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುತ್ತಿದ್ದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ನಾನು ಹೆಣೆದ ಬುಟ್ಟಿ ಸರಿಯಿಲ್ಲವೆಂದು ಯಾರೂ ವಾಪಸ್ ತಂದದ್ದಿಲ್ಲ. ಆ ಗರ್ವ ಬಹಳವಿತ್ತು.

ಹೆಂಡತಿಗೆ ಚೊಚ್ಚಲು. ಅವಳ ತಾಯಿ ತೀರಿಕೊಂಡಿದ್ದರಿಂದ ಹೆರಿಗೆ ನಮ್ಮಲ್ಲೇ. ನೋವು ಬರುವುದು, ಹೋಗುವುದು, ಹೀಗೆ ಎರಡು ದಿನ. ಅಜ್ಜಿ ಒಳಗೆ ನೋಡಿ ಬಂದು ನನ್ನೆದುರು ಕೂತಳು.

"ತಮ್ಮಾ, ಮೂಗಿನ ತುದಿ ಮುಟ್ಕೋ. ಈಗ ತುಟಿ ಮುಟ್ಕೋ. ಗರ್ಭದ ಬಾಯಿ ಇನ್ನೂ ಮೂಗಿನ ಹಂಗೈತಿ. ತುಟಿ ಹಂಗ ಮೆತ್ತಗಾಗ್ಬೇಕು. ಅಲ್ಲೀತನಕ ನಾ ಕೈ ಹಚ್ಚಾದಿಲ್ಲ."

"ಹೊಟ್ಟಿ ಒತ್ತಿ ಇಳಿಸಜ್ಜಿ. ಎರಡು ದಿನ ಆತು."

"ಬಿದಿರು ನೆನೀಲಿ ಅಂತ ಗಿರಾಕಿನ ಎಂಟು ದಿನ ತಿರುಗಿಸ್ತೀ. ಹೆಂಡ್ತಿಗೆ ಎರಡು ದಿನಾನೂ ಇಲ್ಲೇನೋ?"

ಜಗಲಿಯಲ್ಲಿದ್ದವರು ನಕ್ಕರು. ನನ್ನ ಕಸುಬಿನ ಮಾತನ್ನೇ ನನಗೆ ತಿರುಗಿಸಿದ್ದು ಚುಚ್ಚಿತು. ಅವಳ ಎಣ್ಣೆ, ಬಟ್ಟೆಯ ಗಂಟನ್ನು ಬೀದಿಗೆ ಎಸೆದು ಅವಳನ್ನು ಹೊರಗೆ ಕಳಿಸಿದೆ. ದವಾಖಾನೆಯ ಕಂಪೌಂಡರನ್ನು ಕರೆತಂದು, ಅವನು ಹಿಂಜರಿದರೂ ಹಟ ಹಿಡಿದು ನೋವು ಬರಿಸುವ ಇಂಜೆಕ್ಷನ್ ಕೊಡಿಸಿದೆ. ನೋವು ಬಂತು, ದಾರಿ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಗರ್ಭದ ಬಾಯಿ ಹರಿದು ಮಗು ಹೊರಬಂತು. ಅಳಲಿಲ್ಲ. ಹೆಂಡತಿ ಹೇಗೋ ಬದುಕಿದಳು; ಮತ್ತೆ ಬಸುರಾಗಲಿಲ್ಲ.

ಕೇಳಿದವರಿಗೆಲ್ಲ ನಾನು, "ಆ ಮುದುಕಿ ಎರಡು ದಿನ ಸುಮ್ನೆ ಕೂಡಿಸಿ ಕೊಂದ್ಲು" ಎಂದೆ. ಇಂಜೆಕ್ಷನ್ ಮೇಲೆ ಆಗ ಯಾರಿಗೂ ಸಂಶಯವಿರಲಿಲ್ಲ; ನಂಬಿದರು. ಆಮೇಲೆ ಅಜ್ಜಿಯನ್ನು ಯಾರೂ ಹೆರಿಗೆಗೆ ಕರೆಯಲಿಲ್ಲ. ಅವಳು ಸೊರಬದ ಮಗಳ ಮನೆ ಸೇರಿದಳು. ಒಮ್ಮೆ ಅಲ್ಲಿನ ಸಂತೆಯಲ್ಲಿ ನನ್ನೆದುರು ನಿಂತು, "ಹೆಂಡ್ತಿ ಆರಾಮದಾಳೇನಪ್ಪ?" ಎಂದಳು. ನಾನು ಮೊರ ಜೋಡಿಸುವವನಂತೆ ತಲೆ ತಗ್ಗಿಸಿದೆ. ಅವಳು ಹೋದಳು. ಮತ್ತೆ ಕಂಡದ್ದಿಲ್ಲ.

ಮೊನ್ನೆ ಡಾಕ್ಟರಮ್ಮ ಮೊಮ್ಮಗಳಿಗೆ ಔಷಧಿ ಇಟ್ಟು, ನಾಳೆಯವರೆಗೆ ಕಾಯಬೇಕು ಎಂದರು. ಯಾಕೆಂದು ಕೇಳಿದೆ. ದಿನ ತುಂಬುತ್ತಿದ್ದಂತೆ ಮೈಯ ಹಾರ್ಮೋನುಗಳು ಬದಲಾಗುತ್ತವಂತೆ. ಆಗ ಕಿಣ್ವಗಳು ಗರ್ಭದ ಬಾಯಿಯ ಗಟ್ಟಿ ನಾರುಗಳನ್ನು ಕತ್ತರಿಸಿ ಸಡಿಲ ಮಾಡುತ್ತವಂತೆ; ನೀರು ಹಿಡಿದು ಅದು ಮೆತ್ತಗಾಗುತ್ತದಂತೆ. ಈ ಹುಡುಗಿಗೆ ಅದು ತಾನಾಗಿ ಆಗಿಲ್ಲ, ಅದಕ್ಕೇ ಔಷಧಿ.

"ಮೆತ್ತಗಾಗೋ ಮೊದ್ಲೇ ಜೋರು ನೋವು ಬರಿಸಿದ್ರೆ?" ಎಂದೆ.

"ಹರೀಬಹುದು ಅಜ್ಜ. ಮಗೂಗೂ ಅಪಾಯ."

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಬೆಂಡೆಕಾಯಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ.

"ಅಜ್ಜಿ ಆವತ್ತೇ ಹೇಳಿದ್ಲಲ್ಲ, ನಂಗೊತ್ತಿತ್ತು. ನೀವು ಹೇಳ್ಬೇಕಾಗಿದ್ದು ಊರಿಗೆ."

ನನ್ನ ಸುಳ್ಳಿಗೆ ಅಂದು ತಲೆಯಾಡಿಸಿದವರನ್ನು ಕೂತು ಒಬ್ಬೊಬ್ಬರಾಗಿ ನೆನೆದೆ. ಈಗ ಹೋಗಿ ನಿಜ ಹೇಳೋಣವೆಂದರೆ, ಅವರಲ್ಲಿ ಒಬ್ಬರೂ ಉಳಿದಿಲ್ಲ.