ಬರಿಹೊಟ್ಟೆಯ ಒಂದು ಗಂಟೆ

ಮಧುಗಿರಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ನರ ಸಿಗದ ಕೈಯಲ್ಲೂ ಒಂದೇ ಸಲ ಚುಚ್ಚಿ ರಕ್ತ ತೆಗೆಯುತ್ತೇನೆ. ಇದು ಜಂಬವಲ್ಲ, ಬೇಕಾದರೆ ಯಾರನ್ನಾದರೂ ಕೇಳಿ. ಸಕ್ಕರೆ ಕಾಯಿಲೆಯವರು ಹೋಳಿಗೆಯನ್ನು ಮುಟ್ಟಿಯೇ ಇಲ್ಲ ಎನ್ನುತ್ತಾರೆ, ಯಂತ್ರ ಬೇರೆಯೇ ಹೇಳುತ್ತದೆ. ನಾನು ಯಾವಾಗಲೂ ಯಂತ್ರದ ಪಕ್ಷ.

ನನ್ನ ಅವ್ವ ಪುರವರದ ಹತ್ತಿರದ ನಮ್ಮೂರಲ್ಲೇ ಇದ್ದಾಳೆ. ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಅವಳದು. ಹೋದ ವರ್ಷ ಅವಳಿಗೆ ಸುಸ್ತು ಶುರುವಾಯಿತು. ಮುಖ ಊದಿತು, ದನಿ ಗೊಗ್ಗರಾಯಿತು, ಸುಡುಬಿಸಿಲಲ್ಲೂ ಸೆರಗು ಹೊದ್ದು ಕೂರುತ್ತಿದ್ದಳು. ಸಾರಿಗೆ ಉಪ್ಪು ಹಾಕುವುದನ್ನು ಮರೆತಳು, ಒಂದಲ್ಲ, ಮೂರು ಸಲ. ಹೆಡ್ ಮೇಷ್ಟ್ರು ಒಳ್ಳೆಯವರೇ. ಆದರೆ ದಿನಾ ಮಕ್ಕಳ ಊಟ ತಡವಾದರೆ ಅವರಾದರೂ ಏನು ಮಾಡಿಯಾರು? ಬೇಸಿಗೆ ರಜೆಯವರೆಗೆ ನೋಡುತ್ತೇನೆ, ಹೀಗೇ ಇದ್ದರೆ ಜೂನಿನಿಂದ ಬೇರೆಯವರು ಎಂದುಬಿಟ್ಟರು. ಕೆಲವು ಮಕ್ಕಳ ಅಪ್ಪಂದಿರೂ ಅವ್ವನ ಸಾರು ಉಂಡೇ ಶಾಲೆ ಮುಗಿಸಿದವರು. ಆ ಸೌಟು ಕೈತಪ್ಪಿದರೆ ಅವಳು ಮಂಕಾಗಿ ಮೂಲೆ ಹಿಡಿಯುತ್ತಾಳೆಂದು ನನಗೆ ಗೊತ್ತಿತ್ತು. ನನಗೆ ಭಯವಾಗಿತ್ತು.

ರಕ್ತ ನಾನೇ ತೆಗೆದೆ. ಥೈರಾಯ್ಡ್. ಕತ್ತಿನಲ್ಲಿರುವ ಆ ಸಣ್ಣ ಗ್ರಂಥಿ ತನ್ನ ಹಾರ್ಮೋನನ್ನು ಕಡಿಮೆ ಮಾಡಿದರೆ ಇಡೀ ಮೈಯ ಉರಿ ಸಣ್ಣದಾಗುತ್ತದೆ. ಆಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಸುಮ್ಮನಿರುವುದಿಲ್ಲ. ಮೈಗಳ್ಳ ಹುಡುಗನನ್ನು ಮೇಷ್ಟ್ರು ಗದರುವ ಹಾಗೆ, ಟಿಎಸ್‌ಎಚ್ ಎಂಬ ಇನ್ನೊಂದು ಹಾರ್ಮೋನನ್ನು ಹೆಚ್ಚು ಹೆಚ್ಚು ಕಳಿಸಿ ಥೈರಾಯ್ಡನ್ನು ಎಬ್ಬಿಸಲು ನೋಡುತ್ತದೆ. ಅವ್ವನ ರಿಪೋರ್ಟಿನಲ್ಲಿ ಮೇಷ್ಟ್ರ ಗದರಿಕೆ ಬೀದಿಗೆ ಕೇಳಿಸುವಷ್ಟಿತ್ತು.

ಡಾಕ್ಟರು ಮಾತ್ರೆ ಬರೆದರು. ನಿಯಮ ಹೇಳಿಕೊಟ್ಟವಳು ನಾನು. ಎದ್ದ ಕೂಡಲೇ ಬರಿಹೊಟ್ಟೆಗೆ ನೀರಲ್ಲಿ ನುಂಗಬೇಕು, ಆಮೇಲೆ ಒಂದು ಗಂಟೆ ಕಾಫಿಯಿಲ್ಲ, ತಿಂಡಿಯಿಲ್ಲ. ಅವ್ವ ಒಪ್ಪಿದಳು. ಎರಡು ತಿಂಗಳಾದ ಮೇಲೆ ನೋಡಿದರೆ ಟಿಎಸ್‌ಎಚ್ ಇಳಿದೇ ಇಲ್ಲ. ಡಾಕ್ಟರು ಮಾತ್ರೆ ಹೆಚ್ಚಿಸಿದರು. ಜನವರಿಯಲ್ಲಿ ಮತ್ತೆ ನೋಡಿದೆ. ಅದೇ ರಾಗ, ಅದೇ ಹಾಡು. ನನ್ನ ಪಿತ್ತ ನೆತ್ತಿಗೇರಿತು.

"ನಿಜ ಹೇಳವ್ವ. ಮಾತ್ರೆ ಎಸೆದು ಸಿದ್ದರಬೆಟ್ಟದ ಬೇರು ತೇಯ್ದು ಕುಡೀತಿದೀಯಾ?" ಎಂದೆ.

"ದಿನಾ ನುಂಗ್ತಾ ಇವ್ನಿ ಕಣಮ್ಮ."

"ಮಿಷಿನ್ನು ಸುಳ್ಳು ಹೇಳಲ್ಲ."

"ಅಂಗಾರೆ ಸುಳ್ಳು ಹೇಳ್ತಿರೋದು ನಾನು ಅನ್ನು."

ನಾನು ಅಲ್ಲ ಎನ್ನಲಿಲ್ಲ.

ಆಮೇಲೆ ಫೋನ್ ಮಾಡಿದರೆ ಹೂಂ, ಊಹೂಂ ಅಷ್ಟೇ. ಕಳ್ಳತನವನ್ನು ಕಣ್ಣಾರೆ ಕಂಡು ಹಿಡಿಯಬೇಕೆಂದು ಒಂದು ಶನಿವಾರ ಊರಿಗೆ ಹೋಗಿ ಉಳಿದೆ. ಭಾನುವಾರ ಬೆಳಗ್ಗೆ ಐದಕ್ಕೆ ಅವ್ವ ಎದ್ದಳು. ನಾನು ಕಂಬಳಿಯೊಳಗಿಂದಲೇ ನೋಡುತ್ತಿದ್ದೆ. ಬಾಯಿ ಮುಕ್ಕಳಿಸಿ, ಮಾತ್ರೆ ಬಿಡಿಸಿ, ಒಂದು ಚೊಂಬು ನೀರಿನಲ್ಲಿ ನುಂಗಿದಳು. ಪಕ್ಕಾ ನಾನು ಹೇಳಿದಂತೆಯೇ. ನಾಚಿಕೆಯಾಗುವುದಕ್ಕೂ ಮೊದಲು ನನಗೆ ತಲೆ ಕೆಟ್ಟಿತು. ಹಾಗಾದರೆ ಮಾತ್ರೆ ಹೋಗುತ್ತಿರುವುದೆಲ್ಲಿಗೆ?

ಅವ್ವ ಜಗಲಿಯಲ್ಲಿ ಕೂತು ಎಲಡಿಕೆ ಚೀಲ ಬಿಚ್ಚಿದಳು. ವೀಳ್ಯದೆಲೆಯನ್ನು ಸೆರಗಿಗೆ ಒರೆಸಿ, ದಪ್ಪಗೆ ಸುಣ್ಣ ಹಚ್ಚಿ, ಅಡಿಕೆಯಿಟ್ಟು ಮಡಚಿ ಬಾಯಿಗಿಟ್ಟಳು. ಅದು ಮುಗಿದ ಮೇಲೆ ಇನ್ನೊಂದು. ಮೂರನೆಯದಕ್ಕೆ ನಾನು ಎದ್ದು ಹೋಗಿ, ಬೆಳಗ್ಗೆ ಬೆಳಗ್ಗೆಯೇ ಇದೇನೆಂದು ಕೇಳಿದೆ. ಮೊದಲೆಲ್ಲ ಅವಳು ಊಟವಾದ ಮೇಲಷ್ಟೇ ಎಲಡಿಕೆ ಹಾಕುತ್ತಿದ್ದದ್ದು.

"ಒಂದ್ ಗಂಟೆ ತಳ್ಳಬ್ಯಾಡ್ವಾ? ಕಾಫಿ ಕುಡೀಬ್ಯಾಡ ಅಂದ್ಬುಟ್ಟೆ. ಎಲಡಿಕೆ ಬ್ಯಾಡ ಅನ್ನಲಿಲ್ವಲ್ಲ."

ನಮ್ಮ ಕಡೆ ಎಲಡಿಕೆಯನ್ನು ಯಾರೂ ತಿನ್ನುವ ಪದಾರ್ಥವೆಂದು ಎಣಿಸುವುದಿಲ್ಲ. ಬಾಯಿ ಕೆಂಪಗಿಟ್ಟುಕೊಂಡೇ ಇನ್ನೂ ಬರಿಹೊಟ್ಟೆ ಎನ್ನುತ್ತಾರೆ. ಅದೇ ಊರಲ್ಲಿ ಹುಟ್ಟಿದ ನನಗೂ ಅದು ಹೊಳೆದಿರಲಿಲ್ಲ. ಆ ಸುಣ್ಣದ ಡಬ್ಬಿಯನ್ನು ಸಿರಾ ಸಂತೆಯಿಂದ ತಂದುಕೊಟ್ಟವಳೂ ನಾನೇ.

ಸೋಮವಾರ ಡಾಕ್ಟರನ್ನು ಕೇಳಿದೆ. ಸುಣ್ಣವೆಂದರೆ ಕ್ಯಾಲ್ಸಿಯಂ, ಮಾತ್ರೆ ರಕ್ತ ಸೇರುವ ಮೊದಲೇ ಹೊಟ್ಟೆಯಲ್ಲಿ ಅದನ್ನು ಹಿಡಿದುಬಿಡುತ್ತದೆ, ನಾಲ್ಕು ಗಂಟೆಯಾದರೂ ಅಂತರವಿರಲಿ ಎಂದರು. ಅಡಿಕೆಯನ್ನು ಪೂರ್ತಿ ಬಿಟ್ಟರೆ ಬಾಯಿಗೂ ಒಳ್ಳೆಯದೆಂದರು. ಅವ್ವ ಚೌಕಾಸಿ ಮಾಡಿ ಮಧ್ಯಾಹ್ನ ಒಂದೇ ಒಂದಕ್ಕೆ ಇಳಿದಳು. ಬೆಳಗ್ಗೆ ಕೈಗೆ ಸಿಗದಿರಲೆಂದು ಸುಣ್ಣದ ಡಬ್ಬಿಗೆ ದಾರ ಕಟ್ಟಿ ಶಾಲೆಯ ಅಡುಗೆಮನೆಯ ಮೊಳೆಗೆ ನೇತುಹಾಕಿದಳು.

ಯಂತ್ರ ಸುಳ್ಳು ಹೇಳಿರಲಿಲ್ಲ. ಔಷಧ ಮೈಗೆ ಸೇರಿಲ್ಲ ಎಂದಷ್ಟೇ ಅದು ಹೇಳಿದ್ದು. ಅವ್ವ ನುಂಗಿಲ್ಲ ಎಂದು ಸೇರಿಸಿದವಳು ನಾನು. ಈಗಲೂ ನಾನು ಯಂತ್ರದ ಪಕ್ಷವೇ, ಆದರೆ ಅದು ಹೇಳದ್ದನ್ನು ಅದರ ಬಾಯಿಗೆ ತುರುಕುವುದಿಲ್ಲ.

ಮಾರ್ಚ್ ಕೊನೆಯಲ್ಲಿ ಟಿಎಸ್‌ಎಚ್ ಸರಿಯಾದ ಜಾಗಕ್ಕೆ ಬಂತು. ರಿಪೋರ್ಟ್ ಹಿಡಿದು ಊಟದ ಹೊತ್ತಿಗೆ ಶಾಲೆಗೆ ಹೋದೆ. ಗೇಟಿನಲ್ಲೇ ಅವ್ವನ ದನಿ ಕೇಳಿಸಿತು, ಸಾಲಿನಲ್ಲಿ ತಳ್ಳಾಡುವವರನ್ನು ಬೈಯುತ್ತಿದ್ದಳು. ಜೂನ್ ಒಂದಕ್ಕೆ ಬೇಗ ಬರಲು ಮೇಷ್ಟ್ರು ಅವಳಿಗೆ ಆಗಲೇ ಹೇಳಿದ್ದರಂತೆ. ರಿಪೋರ್ಟ್ ತೋರಿಸಿದರೆ ಓದಲೂ ಇಲ್ಲ. ಅವಳಿಗೆ ಅದು ಬೇಕಾಗಿರಲಿಲ್ಲ.

ಮಕ್ಕಳೆಲ್ಲ ಉಂಡೆದ್ದ ಮೇಲೆ ತಪ್ಪಾಯ್ತು ಕಣವ್ವ ಎಂದೆ. ಅವಳು ಮೊಳೆಯಿಂದ ಡಬ್ಬಿ ತೆಗೆದು, ಒಂದು ಎಲೆಯ ಜೊತೆ ನನ್ನ ಕೈಗಿಟ್ಟಳು. ಹುಟ್ಟಿದಾಗಿನಿಂದ ನಾನು ಯಾರಿಗೂ ಎಲಡಿಕೆ ಮಡಚಿ ಕೊಟ್ಟವಳಲ್ಲ.

"ಕಮ್ಮಿ ಹಚ್ಚೇ," ಎಂದಳು ಅವ್ವ. "ಜಾಸ್ತಿಯಾದ್ರೆ ನಿನ್ನ ಮಾತಿನಂಗೇ ಸುಡ್ತೈತೆ."

ಹಚ್ಚಿದ್ದರಲ್ಲಿ ಅರ್ಧವನ್ನು ಬೆರಳಿನಿಂದ ಒರೆಸಿ ತೆಗೆದು, ಎಲೆ ಮಡಚಿ ಕೊಟ್ಟೆ.