ಜೌಗುಗುಡ್ಡದ ಒಂದು ಸುತ್ತು

ಅವರ ಬಲಗಾಲಿನ ಬೂಟಿಗೆ ಕೆಂಪು ಲೇಸು, ಎಡಗಾಲಿನದಕ್ಕೆ ಕಪ್ಪು. ಹರಿದದ್ದು ಒಂದೇ, ಬದಲಿಸಿದ್ದೂ ಒಂದೇ. ಜೋಡಿಯಲ್ಲಿ ಬಂದ ಇನ್ನೊಂದು ಕೆಂಪು ಲೇಸು ಡಬ್ಬಿ ಸೇರಿತ್ತು. ಗಟ್ಟಿಯಿರುವುದನ್ನು ಬಿಚ್ಚಿ ಎಸೆಯುವುದು ಅವರಿಗೆ ಆಗದ ಮಾತು.

ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ ನಮ್ಮ ಕೆಳಗಿನ ಮಹಡಿಯಲ್ಲಿ ಅವರೊಬ್ಬರೇ ಇದ್ದರು. ನಾನು ಮನಸ್ಸಿನಲ್ಲಿ ಕರೆಯುತ್ತಿದ್ದುದು ಕೆಳಗಿನ ಮನೆಯ ಅಜ್ಜಿ ಎಂದು. ಭಾನುವಾರ ವಾಷಿಂಗ್ ಮಷಿನ್ ಹಾಕಿದರೆ, ಮಧ್ಯಾಹ್ನ ಚಟ್ನಿಪುಡಿ ಕುಟ್ಟಿದರೆ, ಸದ್ದಾಯಿತೆಂದು ಕಸಬರಿಗೆಯ ಹಿಡಿಯಿಂದ ತಮ್ಮ ಚಾವಣಿಗೆ ಬಡಿಯುತ್ತಿದ್ದರು. ಅವರು ಜರ್ಮನ್‌ನಲ್ಲಿ ಆಡಿದ್ದೆಲ್ಲ ನನ್ನ ತಲೆಯಲ್ಲಿ ಧಾರವಾಡದ ಮಾತಾಗಿಯೇ ಉಳಿದಿದೆ.

ಆಗ ಜರ್ಮನಿ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಬಂದವರು ನಾವು. ಎರಡನೆಯ ವರ್ಷವೇ ನಮ್ಮವರ ಕಂಪನಿ ಮುಚ್ಚಿತು. ಬೇರೆ ಕೆಲಸ ಬೇಗ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಒಂದು ಕಡೆ ಇಂಟರ್‌ವ್ಯೂ ಆಗಿ, ಶುಕ್ರವಾರ ಫೋನ್ ಮಾಡುತ್ತೇವೆ ಎಂದಿದ್ದರು. ಗುರುವಾರವಿಡೀ ನಾನು ದೇವರ ಮುಂದಿನಿಂದ ಕಿಟಕಿಗೆ, ಕಿಟಕಿಯಿಂದ ದೇವರ ಮುಂದಕ್ಕೆ ತಿರುಗಿದ್ದೇ ತಿರುಗಿದ್ದು. ಸಂಜೆ ಕಸಬರಿಗೆ ಬಡಿಯಿತು. ಆಮೇಲೆ ಅಜ್ಜಿಯೇ ಮೆಟ್ಟಿಲು ಹತ್ತಿ ಬಂದರು.

"ಹೀಂಗ ತಿರುಗಿದ್ರ ನನ್ನ ಚಾವಣಿ ಬೀಳ್ತದ, ಹುಡುಗಿ. ತಿರುಗೂದಾದ್ರ ನಾಳೆ ಗುಡ್ಡದ ಮ್ಯಾಲೆ ತಿರುಗೂಣು, ಬಾ."

ನಮ್ಮವರು ನಕ್ಕರು. "ಹೋಗಿ ಬಾ. ನೀ ಇಲ್ಲಿ ಕುಂತ್ರ ಫೋನ್ ಲಗೂ ಬರ್ತದೇನು?"

ಶುಕ್ರವಾರ ಬೆಳಿಗ್ಗೆ ದೀಪ ಹಚ್ಚಲು ಹೋದರೆ ಅವ್ವ ಹೊಸೆದು ಕಳಿಸಿದ್ದ ಬತ್ತಿಗಳು ಮುಗಿದಿದ್ದವು. ಹಿಂದಿನ ದಿನದ ಬತ್ತಿಯ ತುದಿ ಒಂದು ಗಳಿಗೆ ಉರಿದು ನಂದಿತು. ಇಂಥ ದಿನವೇ! ಆ ಕಳವಳದಲ್ಲೇ ಅಜ್ಜಿಯ ಜೊತೆ ರೈಲು ಹತ್ತಿದೆ.

ಹಾರ್ನಿಸ್‌ಗ್ರಿಂಡೆ ಗುಡ್ಡದ ನೆತ್ತಿಯೇ ಜೌಗು ನೆಲ. ಅದರ ಮೇಲೆ ಹಲಗೆ ಹಾಸಿದ ಹಾದಿ, ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತದೆ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಅರ್ಧಕ್ಕೆ ಬಂದಾಗ ನನಗೆ ತಡೆಯಲಾಗಲಿಲ್ಲ. ಹಿಂದಿರುಗೋಣ ಎಂದೆ.

"ಹಿಂದ ಹೋದ್ರೂ ಅಷ್ಟ, ಮುಂದ ಹೋದ್ರೂ ಅಷ್ಟ. ಮುಂದ ಹೋದ್ರ ಆಲ್ಪ್ಸ್ ಬೆಟ್ಟಾದ್ರೂ ಕಂಡೀತು."

ಕಂಡಿತು. ಆಕಾಶದ ಅಂಚಿಗೆ ರಂಗೋಲಿ ಹಿಟ್ಟಿನ ಎಳೆ ಎಳೆದ ಹಾಗೆ. ಎಷ್ಟೋ ಸಲ ಬಂದು ಮಂಜನ್ನಷ್ಟೇ ನೋಡಿ ಹೋಗಿದ್ದೇನೆ ಎಂದರು ಅಜ್ಜಿ. ಇಷ್ಟಾದರೂ ತೋರಿಸಿದೆಯಲ್ಲಪ್ಪಾ ಎಂದು ಕೈ ಮುಗಿದು ತಲೆ ತಗ್ಗಿಸಿದರೆ, ಜೌಗಿನ ತುಂಬ ಹತ್ತಿ! ಹುಲ್ಲಿನ ಕಡ್ಡಿಕಡ್ಡಿಯ ತುದಿಗೂ ಬಿಳಿ ಹತ್ತಿಯ ಉಂಡೆ. ದೇವರೇ ಬತ್ತಿ ಕೊಟ್ಟ ಎಂದುಕೊಂಡು ಹಲಗೆಯಿಂದ ಕಾಲು ಕೆಳಗಿಟ್ಟೆ. ಮೊಣಕಾಲಿನ ತನಕ ಹೂತುಹೋಯಿತು.

ಅಜ್ಜಿ ಕೋಲು ಚಾಚಿ ಎಳೆದರು. ಶೂ ಒಳಗೇ ಉಳಿಯಿತು. ಹಲಗೆಯ ಮೇಲೆ ಬೋರಲು ಮಲಗಿ, ಮೊಣಕೈಯವರೆಗೆ ಕೈ ಹಾಕಿ ಅದನ್ನೂ ತೆಗೆದರು.

"ಬುದ್ಧಿ ಮನ್ಯಾಗ ಬಿಟ್ಟು ಬಂದಿಯೇನು? ಇಲ್ಲಿ ಒಂದು ಎಲಿ ಸೈತ ಹರೀಬಾರ್ದು!"

ನಾನು ಅಳುತ್ತ ನನ್ನ ಹರಕುಮುರುಕು ಜರ್ಮನ್‌ನಲ್ಲಿ ದೀಪ, ಬತ್ತಿ, ಫೋನು ಎಲ್ಲ ಹೇಳಿಕೊಂಡೆ. ಅವರು ಕೈಯ ಕೆಸರನ್ನು ಹುಲ್ಲಿಗೆ ಒರೆಸುತ್ತ ಕೇಳಿದರು.

"ಯುದ್ಧದಾಗ ನಮ್ಮವ್ವನೂ ಇದರ ಬತ್ತಿ ಮಾಡಿದ್ಲು. ಬರೇ ಹೊಗಿ. ನಡಿ."

ಮನೆಗೆ ಬಂದಾಗ ನಮ್ಮವರು ಬಾಗಿಲಲ್ಲೇ ನಿಂತಿದ್ದರು. "ಆಗಲಿಲ್ಲ," ಎಂದರು. ನನ್ನ ಕಾಲಿನ ಕೆಸರು ನೋಡಿ, "ಇದೇನ?" ಎಂದರು. ಕಾಲು ತೊಳೆದು ಬಂದೆ. ಮತ್ತೆ ಕಿಟಕಿಗೂ ದೇವರಿಗೂ ತಿರುಗತೊಡಗಿದೆ.

ಈ ಸಲ ಕಸಬರಿಗೆ ಬಡಿಯಲಿಲ್ಲ, ಬಾಗಿಲು ಬಡಿಯಿತು. ಅಜ್ಜಿಯ ಕೈಯಲ್ಲಿ ಡಬ್ಬಿಯಲ್ಲಿದ್ದ ಆ ಕೆಂಪು ಲೇಸು.

"ಅಪ್ಪಟ ಹತ್ತೀದು. ಕಾಲಿಗೆ ಕಟ್ಟಿಲ್ಲ."

ಬೂಟಿನ ದಾರ, ದೇವರ ದೀಪಕ್ಕೆ! ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತೆ. ಅವರೂ ಹೋಗದೆ ಹೊಸ್ತಿಲ ಆಚೆ ನಿಂತಿದ್ದರು. ಒಂದು ತುಂಡು ಕತ್ತರಿಸಿ ಎಣ್ಣೆಯಲ್ಲಿ ಅದ್ದಿ ಹಚ್ಚಿದೆ. ದೇವರು ಬೇಡವೆನ್ನಲಿಲ್ಲ. ನಾವು ಮಲಗುವ ತನಕ ಉರಿಯಿತು.

ಕೆಲವು ವಾರಗಳ ಮೇಲೆ ರೆನ್ನಿಂಗೆನ್ ಕಡೆ ಕೆಲಸ ಸಿಕ್ಕಿತು. ದೂರವಾದರೂ ನಮ್ಮವರು ರೈಲಿನಲ್ಲಿ ಓಡಾಡಿದರು. ಮನೆ ಬಿಡಬೇಕಾಗಲಿಲ್ಲ, ಅದೂ ಅವನ ಕೃಪೆ. ಅಜ್ಜಿಯ ಜೊತೆ ಆ ಸುತ್ತನ್ನು ಇನ್ನೂ ಎಷ್ಟೋ ಸಲ ನಡೆದೆ, ಹಲಗೆ ಬಿಟ್ಟು ಇಳಿಯದೆ.

ಅಜ್ಜಿ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಬಂದ ದಿನ ನನಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ದೇವರ ಮುಂದಿನಿಂದ ಕಿಟಕಿಗೆ, ಕಿಟಕಿಯಿಂದ ದೇವರ ಮುಂದಕ್ಕೆ, ಬೇಕೆಂದೇ ಹೆಜ್ಜೆ ಊರಿ ಊರಿ ನಡೆದೆ. ಕೆಳಗಿನಿಂದ ಯಾರೂ ಬಡಿಯಲಿಲ್ಲ.